ಅಪ್ಪನ ಮಣ್ಣಿನ ತಲೆ

ನಮ್ಮ ಅಮ್ಮ ಸುಗುಣಾ ಶಕುನ-ಶಾಸ್ತ್ರ ಹೇಳಲು ಹೊರಟರೆ ದೇವರೇ ಗತಿ. ಬಿ.ಎಫ್.ಎ. ಕೊನೆಯ ವರ್ಷದ ಪರೀಕ್ಷೆಗೆಂದು ನಾನು ಅಪ್ಪನ ತಲೆಯನ್ನು ಜೇಡಿಮಣ್ಣಿನಲ್ಲಿ ಮಾಡಿ, ಒಣಗದಿರಲೆಂದು ಒದ್ದೆ ಬಟ್ಟೆ ಹೊದಿಸಿ ಬಾಲ್ಕನಿಯಲ್ಲಿಟ್ಟಿದ್ದೆ. ಶನಿವಾರ ಕಾಲೇಜಿಗೆ ಹೋಗಿ ಬರುವಷ್ಟರಲ್ಲಿ ಅಮ್ಮ ಬಟ್ಟೆ ತೆಗೆದುಬಿಟ್ಟಿದ್ದಳು. ಮುಂಬಯಿ ಪಕ್ಕದ ನಮ್ಮ ಕೋಪರಿಯ ಏಪ್ರಿಲ್ ಬಿಸಿಲು ಕೇಳಬೇಕೆ? ಹಣೆಯಿಂದ ಕುತ್ತಿಗೆಯವರೆಗೆ ಬಿರುಕು ಬಿಟ್ಟಿತ್ತು.

"ಎಂತ ಮಾಡಿದಿ ಅಮ್ಮಾ! ಸೋಮವಾರ ಪರೀಕ್ಷೆ!"

"ಬದುಕಿರುವ ಗಂಡನ ಮುಖಕ್ಕೆ ಬಿಳಿ ಬಟ್ಟೆ ಮುಚ್ಚಿದ್ದೀಯಲ್ಲ ರಮಿತಾ, ಅಪಶಕುನ ಅಲ್ಲವಾ?"

ಮೈಯೆಲ್ಲ ಉರಿಯಿತು. ನನ್ನ ಡಿಗ್ರಿ ಆ ಒಂದು ತಲೆಯ ಮೇಲೆ ನಿಂತಿತ್ತು. ಒಂದು ಸಲ ಆಗಲೇ ಫೇಲಾಗಿದ್ದೆ, ಸುಳ್ಳೇಕೆ ಹೇಳಲಿ. ಈ ಸಲವೂ ಫೇಲಾದರೆ ಚಿತ್ರಗಿತ್ರ ಸಾಕು, ಸ್ಟೇಷನ್ ಬಳಿಯ ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂರಬೇಕೆಂದು ಅಪ್ಪ ಖಡಾಖಂಡಿತವಾಗಿ ಹೇಳಿದ್ದರು.

ಸುತ್ತಿಗೆ ತಂದು ತಲೆ ಒಡೆದೆ. ನೆನೆಸಿ ಮತ್ತೆ ಕಲಸಲೆಂದು ಚೂರುಗಳನ್ನು ನೀರಿನ ಬಕೆಟಿಗೆ ಹಾಕಿದೆ.

"ಅಯ್ಯಯ್ಯೋ, ಅಪ್ಪನ ತಲೆ ಒಡೀತಾಳೆ!" ಎಂದು ಅಮ್ಮ ಬೊಬ್ಬೆ ಹೊಡೆದಳು. ಆಮೇಲೆ ಅವಳೇ ಹೋಟೆಲಿಗೆ ಫೋನ್ ಮಾಡಿ, ನಾಳೆ ಮನೆಯಲ್ಲೇ ಇರಬೇಕೆಂದು ಅಪ್ಪನಿಗೆ ತಾಕೀತು ಮಾಡಿದಳು. ಪಾಪ, ಅವಳಿಗೂ ಹೆದರಿಕೆ ಹತ್ತಿತ್ತು.

ಒಡೆದ ತಲೆಯನ್ನು ನಾನು ಮೊಬೈಲಿನ ಫೋಟೋ ನೋಡಿ ಮಾಡಿದ್ದೆ. ಅಪ್ಪನಿಗೆ ಕೂರಲು ಪುರುಸೊತ್ತೆಲ್ಲಿ? ಈಗ ಭಾನುವಾರದ ಗಿರಾಕಿಗಳನ್ನು ಬಿಟ್ಟು ಸ್ಟೂಲಿನ ಮೇಲೆ ಕೂತರು.

"ಅಪ್ಪಾ, ಹಿಲ್ನಾ ಮತ್, ಅಲ್ಲಾಡಬೇಡಿ!"

"ಮೂಗು ತುರಿಸ್ತದೆ ಮಾರಾಯ್ತಿ."

ಮಣ್ಣು ಒತ್ತಿದೆ, ಕೆರೆದೆ, ಕೆಡಿಸಿ ಮತ್ತೆ ಒತ್ತಿದೆ. ಊಟ ಮರೆತೇಹೋಯಿತು. ಸಂಜೆ ಅಪ್ಪ ಮೆಲ್ಲಗೆ ಕೇಳಿದರು:

"ಇಷ್ಟೆಲ್ಲ ದುಡೀಲಿಕ್ಕುಂಟಾ ಇದರಲ್ಲಿ? ನಾನು ಟೈಂಪಾಸ್ ಅಂತ ತಿಳ್ಕೊಂಡಿದ್ದೆ."

ನಾನು ಮಣ್ಣು ಒತ್ತುತ್ತಲೇ ಇದ್ದೆ. ಇನ್ನೂ ಎಡಗಿವಿ ಬಾಕಿಯಿತ್ತು.

ಸೋಮವಾರ ತಲೆಯನ್ನು ಟೆಂಪೋದಲ್ಲಿ ನವಿ ಮುಂಬಯಿಯ ಕಾಲೇಜಿಗೆ ಒಯ್ದೆ. ಪರೀಕ್ಷಕರು ಅದಕ್ಕೊಂದು ಸುತ್ತು ಬಂದರು, ಬಗ್ಗಿ ನೋಡಿದರು. ಮಧ್ಯಾಹ್ನ ನಮ್ಮ ಸರ್ ಹೊರಗೆ ಬಂದು, "ಪಾಸ್. ಚೆನ್ನಾಗಿ ಪಾಸ್," ಎಂದರು.

ಅಬ್ಬಾ! ಮೆಟ್ಟಿಲ ಮೇಲೆ ಕುಸಿದು ಗಳಗಳನೆ ಅತ್ತುಬಿಟ್ಟೆ. ಎದೆ ಹಗುರಾದ ಮೇಲೆ ಅಪ್ಪನಿಗೆ ಫೋನ್ ಮಾಡಿ ಹೇಳಿದೆ.

ಆಚೆ ಕಡೆ ಅಪ್ಪ ಹೋಟೆಲಿನ ಅಡುಗೆಯ ದಯಾನಂದನನ್ನು ಕೂಗಿ ಹೇಳಿದ್ದು ಕೇಳಿಸಿತು:

"ಊರಿಂದ ನಿನ್ನ ತಮ್ಮನನ್ನು ಕರ್ಸು ಮಾರಾಯ. ಗಲ್ಲಾಕ್ಕೆ ಜನ ಬೇಕು, ನನ್ನ ಮಗಳು ಬರುವುದಿಲ್ಲ."