ಟೀಚರ ಎಡಗಾಲಿನ ಅಳತೆ

ಬೀದಿ ತಿರುವಿನ ಬೂಟಿನ ಅಂಗಡಿಯಲ್ಲಿ ಅವತ್ತು ಬೆಳಿಗ್ಗೆ ಕಂಪ್ಯೂಟರ್ ಕಣ್ಣೇ ಬಿಡಲಿಲ್ಲ.

ಅದು ಮಾಮೂಲಿ ಬೂಟಿನ ಅಂಗಡಿಯಲ್ಲ. ಸಕ್ಕರೆ ಕಾಯಿಲೆಯಿಂದ ಕಾಲು ಹುಣ್ಣಾದವರಿಗೆ, ಒಂದು ಕಾಲು ಗಿಡ್ಡ ಇರುವವರಿಗೆ ಪಾದ ನೋಡಿ ಬೂಟು ಮಾಡಿಕೊಡುವ ಅಂಗಡಿ. ಗಂಡ ಹೊಲಿಯುತ್ತಾನೆ. ಯಾರ ಪಾದ ಎಷ್ಟುದ್ದ, ಎಲ್ಲಿ ಒತ್ತಿದರೆ ನೋವು ಎಂಬುದನ್ನೆಲ್ಲ ಹೆಂಡತಿ ಕಂಪ್ಯೂಟರಿಗೆ ಹಾಕುತ್ತಾಳೆ. ಮಧ್ಯಾಹ್ನ ರಿಟೈರಾದ ಟೀಚರೊಬ್ಬರ ಬೂಟಿಗೆ ಅಟ್ಟೆ ಕತ್ತರಿಸಬೇಕಿತ್ತು. ಅವರ ಹುಣ್ಣು ಈಗಷ್ಟೇ ಮಾಯುತ್ತಿದೆ. ಅಳತೆ ಕೂದಲೆಳೆಯಷ್ಟು ತಪ್ಪಿದರೂ ಅದು ಮತ್ತೆ ಬಾಯಿ ಬಿಡುತ್ತದೆ.

ಕಂಪ್ಯೂಟರ್ ಬರುವ ಮುಂಚಿನ ನನ್ನ ನೋಟ್‌ಬುಕ್ಕೇ ಚೆನ್ನಾಗಿತ್ತು ಎಂದು ಗಂಡ ಗೊಣಗಿದ. ಆಕೆ ಹೆದರಲಿಲ್ಲ. ನಾಲ್ಕು ವರ್ಷದಿಂದ ಶನಿವಾರ ಶನಿವಾರ ತಪ್ಪದೆ ಪೆನ್‌ಡ್ರೈವಿಗೆ ನಕಲು ಮಾಡಿ ಸೂಜಿಯ ಡಬ್ಬಿಯಲ್ಲಿಡುತ್ತಿದ್ದ ಗಟ್ಟಿಗಿತ್ತಿ ಆಕೆ. ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಮಾಡುವ ತಂಗಿಗೆ ಫೋನ್ ಮಾಡಿ ಕರೆಸಿದಳು.

ತಂಗಿ ತನ್ನ ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಸಿಕ್ಕಿಸಿ ಹುಬ್ಬು ಗಂಟಿಕ್ಕಿದಳು.

"ಅಕ್ಕಾ, ನಕಲಾಗೋಕೆ ಎಷ್ಟು ಹೊತ್ತು ಹಿಡೀತಿತ್ತು?"

"ಕಣ್ಣು ಮಿಟುಕಿಸೋದ್ರೊಳಗೆ ಆಗ್ಬಿಡೋದು."

"ಸಾವಿರ ಜನರ ಪಾದ, ಅಷ್ಟು ಬೇಗನಾ?"

ಈಗ ಅಕ್ಕನಿಗೂ ಕುತೂಹಲ. ಇಬ್ಬರೂ ತಲೆಗೆ ತಲೆ ತಾಗಿಸಿ ನೋಡಿದರು. ಸಾಫ್ಟ್‌ವೇರ್ ತೆರೆಯಲು ಒತ್ತುವ ಪುಟ್ಟ ಬೂಟಿನ ಚಿತ್ರವಿತ್ತಲ್ಲ, ಆಕೆ ಇಷ್ಟು ವರ್ಷ ನಕಲು ಮಾಡಿದ್ದು ಅದೊಂದನ್ನೇ! ಅದು ದಾರಿ ತೋರಿಸುವ ಗುರುತು ಅಷ್ಟೇ. ಅಳತೆಗಳೆಲ್ಲ ಇರುವುದು ಡೇಟಾಬೇಸ್ ಎಂಬ ಬೇರೆ ಕಡತದಲ್ಲಿ.

"ಅಂಗಡಿ ಬೋರ್ಡನ್ನ ಜೋಪಾನ ಮಾಡಿದ್ದೀಯ ಅಕ್ಕ, ಒಳಗಿನ ಸಾಮಾನನ್ನಲ್ಲ."

ಆಕೆಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗಂಡ ನಗಲಿಲ್ಲ, ಅದೇ ಪುಣ್ಯ.

ತಂಗಿ ಒಂದೊಂದೇ ಡ್ರಾಯರ್ ತೆಗೆಸಿದಳು. ಏಳು ತಿಂಗಳ ಹಿಂದೆ ಹಳೆ ಕಂಪ್ಯೂಟರ್ ತೆಗೆದು ಇದನ್ನು ಕೂರಿಸಿದವನು ಸಾಫ್ಟ್‌ವೇರನ್ನೂ ಡೇಟಾಬೇಸನ್ನೂ ಒಂದು ಡಿಸ್ಕಿಗೆ ಹಾಕಿ ಕೊಟ್ಟಿದ್ದ. ಅಂಟಿನ ಡಬ್ಬಗಳ ಹಿಂದೆ ಅದು ಸಿಕ್ಕಿತು. ಅವಳು ಮೊದಲು ಅದರದೇ ಇನ್ನೊಂದು ನಕಲು ಮಾಡಿಟ್ಟಳು. ಆಮೇಲೆ ಲ್ಯಾಪ್‌ಟಾಪಿಗೆ ಸಾಫ್ಟ್‌ವೇರ್ ಹಾಕಿ, ಅದರೊಳಗೆ ಡೇಟಾಬೇಸ್ ತುಂಬಿದಳು. ತೆರೆಯಿತು. ಅಷ್ಟಕ್ಕೇ ನಂಬದೆ, ಕಪಾಟಿನಲ್ಲಿದ್ದ ಟೀಚರ ಹಳೆ ಬೂಟನ್ನು ಅಳೆದು ನೋಡಲು ಭಾವನ ಕೈಗೆ ಟೇಪು ಕೊಟ್ಟಳು. ಅಳತೆ ಸರಿಹೋಯಿತು. ಆದರೆ ಹುಣ್ಣಾದದ್ದು ಆ ಡಿಸ್ಕ್ ಮಾಡಿದ ಮೇಲೆ. ಅದರ ವಿಷಯ ಒಂದಕ್ಷರವೂ ಇರಲಿಲ್ಲ.

ಅಂದಾಜಿನ ಮೇಲೆ ಕತ್ತರಿಸಲು ಗಂಡನಿಗೆ ಕೈ ಬರಲಿಲ್ಲ. ಟೀಚರನ್ನೇ ಕರೆಸಿದರು. ಅವರು ಗೋಡೆ ಹಿಡಿದುಕೊಂಡು ಮೆಲ್ಲಗೆ ಬಂದರು. ಅವನು ನೆಲದ ಮೇಲೆ ಕೂತು ಅವರ ಎಡಪಾದವನ್ನು ತೊಡೆಯ ಮೇಲಿಟ್ಟುಕೊಂಡ.

"ಎಲ್ಲಿ ನೋಯುತ್ತೆ ಹೇಳಿ ಅಮ್ಮ."

"ಹೋದ ತಿಂಗಳೇ ಕೇಳಿ ಬರ್ಕೊಂಡ್ರಲ್ಲಪ್ಪ," ಎಂದರು ಟೀಚರ್. ಆದರೂ ಬೇಸರಪಡದೆ ಮತ್ತೆ ಬೆರಳಿಟ್ಟು ತೋರಿಸಿದರು.

ಗಂಡ ತಲೆ ಎತ್ತಲಿಲ್ಲ. "ಇನ್ಮೇಲೆ ನಕಲು ತೆರೆದು ನೋಡೋ ಕೆಲಸ ನಂದು," ಎಂದ.

ನೀವೂ ನಕಲು ಇಡುತ್ತಿದ್ದೀರಾ? ಒಳ್ಳೆಯದು. ಅದರಲ್ಲಿ ಏನಿದೆ ಎಂದು ನೋಡಿದ್ದೀರಾ? ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ಅದನ್ನು ತುಂಬಿ, ನಿಮಗೆ ಗೊತ್ತಿರುವ ಒಬ್ಬರ ಪುಟ ತೆರೆದು ಓದಿ. ಒಂದು ನಕಲು ಅಂಗಡಿಯ ಹೊರಗೂ ಇರಲಿ. ಟೀಚರ್ ಇನ್ನೊಮ್ಮೆ ಬಂದು ಹೇಳಿದರು. ಎಲ್ಲರಿಗೂ ಬರಲಾಗುವುದಿಲ್ಲ.