ನೀಲಿ ತೂತು

ಫೈಲನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದ ಡಿಸ್ಕು ಮೂರನೆಯ ಸಲವೂ ಅರ್ಧ ದಾರಿಯಲ್ಲಿ ಕೈಕೊಟ್ಟಿತು. ಟಕ್ ಟಕ್ ಎಂದು ಸದ್ದು ಮಾಡಿ ಸುಮ್ಮನಾಯಿತು. ಸ್ಟುಡಿಯೋದವನು ಅದನ್ನು ಮುಟ್ಟಿ ನೋಡಿದ. ಕಾದ ಕಾವಲಿಯಂತಿತ್ತು.

"ಎಷ್ಟು ಹೊತ್ತು ಬಂತೋ?" ಅಕ್ಕ ಕೇಳಿದಳು.

"ಇಪ್ಪತ್ತೈದು ನಿಮಿಷ. ಅಷ್ಟರಲ್ಲೇ ಕಾದು ನಿಂತೋಗುತ್ತೆ. ಬೇಕಾಗಿರೋದು ಒಂದೂವರೆ ಗಂಟೆ. ಕಂಪ್ಯೂಟರ್ ಹಳೇದು ಅಕ್ಕ, ನಾನೇನು ಮಾಡ್ಲಿ?"

ಏನು ಮಾಡಬಾರದಿತ್ತೋ ಅದನ್ನು ಆಗಲೇ ಮಾಡಿ ಮುಗಿಸಿದ್ದ. ಗಂಟಲಿನ ಆಪರೇಷನ್ನಿನ ಹಿಂದಿನ ದಿನ ಭಾವ ಇದೇ ಕೋಣೆಯಲ್ಲಿ ಎರಡು ಗಂಟೆ ಕ್ಯಾಮೆರಾ ಮುಂದೆ ಕೂತು ಮಾತಾಡಿದ್ದರು. ಮಗಳಿಗೆ ಕಥೆ, ಒಂದಿಷ್ಟು ಬೈಗುಳ, ನಡುನಡುವೆ ಕೆಮ್ಮು. ಅದನ್ನು ಡಿಸ್ಕಿಗೆ ಹಾಕಿ, ಇನ್ನೊಂದು ಪ್ರತಿ ನಾಳೆ ಮಾಡಿದರಾಯಿತೆಂದು ಕ್ಯಾಮೆರಾದ ಕಾರ್ಡನ್ನು ಅಂದೇ ಅಳಿಸಿಬಿಟ್ಟಿದ್ದ. ಆ ನಾಳೆ ಬರುವಷ್ಟರಲ್ಲಿ ಭಾವನ ಧ್ವನಿಪೆಟ್ಟಿಗೆಯನ್ನು ತೆಗೆದಾಗಿತ್ತು. ಅವರ ದನಿ ಈಗ ಇರುವುದು ಈ ರೋಗಿಷ್ಟ ಡಿಸ್ಕಿನಲ್ಲಿ ಮಾತ್ರ. ಅದೂ ಒಂದೇ ದೊಡ್ಡ ಫೈಲು. ಪೂರ್ತಿ ಬಾರದಿದ್ದರೆ ತೆರೆಯುವುದೇ ಇಲ್ಲ. ಅವನಿಗೆ ಅಕ್ಕನ ಮುಖ ನೋಡುವ ಧೈರ್ಯ ಇರಲಿಲ್ಲ.

ಭಾವ ವೈರ್‌ಮ್ಯಾನ್. ಅಷ್ಟು ಹೊತ್ತೂ ಮೂಲೆಯ ಕುರ್ಚಿಯಲ್ಲಿದ್ದವರು ಎದ್ದು, ಮೇಜಿನ ಹಿಂದೆ ಬಗ್ಗಿ, ಕಂಪ್ಯೂಟರಿನ ಬೆನ್ನಲ್ಲಿ ವೈರು ಚುಚ್ಚುವ ತೂತುಗಳ ಮೇಲೆ ಟಾರ್ಚ್ ಬಿಟ್ಟರು. ಆಮೇಲೆ ಸ್ಲೇಟಿನ ಮೇಲೆ ಬರೆದು ತೋರಿಸಿದರು: "ಹಿಂದಿನ ನೀಲಿ ತೂತಲ್ಲಿ ಕೀಬೋರ್ಡ್ ಯಾಕೆ?"

"ಕೀಬೋರ್ಡು, ಮೌಸು ದಿನವಿಡೀ ದುಡಿಯುತ್ವಲ್ಲ ಭಾವ, ಅದಕ್ಕೇ ಒಳ್ಳೇ ಜಾಗ ಕೊಟ್ಟೆ. ಡಿಸ್ಕಿಗೆ ಮುಂದಿನದೇ ಸಲೀಸು, ಕೈಗೆ ಸಿಗುತ್ತೆ."

ಭಾವ ನಕ್ಕರು. ಸದ್ದಿಲ್ಲ, ಕೊರಳಿಗೆ ಕಟ್ಟಿದ ತೆಳು ಬಟ್ಟೆ ಮಾತ್ರ ಅಲುಗಾಡಿತು. ಅಳಿಸಿ ಮತ್ತೆ ಬರೆದರು: "ಕೀಬೋರ್ಡಿಗೆ ಏನು ಅವಸರ? ನೀಲಿಯದು ವೇಗದ್ದು."

ಡಿಸ್ಕಿನ ವೈರಿನ ತುದಿಯೂ ನೀಲಿಯೇ. ಎಂಟು ವರ್ಷ ಕಣ್ಣೆದುರೇ ಇದ್ದರೂ ಅವನಿಗೆ ಹೊಳೆದಿರಲಿಲ್ಲ. ಡಿಸ್ಕು ಆರುವವರೆಗೂ ಕಾದು, ವೈರುಗಳನ್ನು ಅದಲುಬದಲು ಮಾಡಿದರು. ಪರದೆಯ ಮೇಲೆ ಹತ್ತೊಂಬತ್ತು ನಿಮಿಷ ಎಂದು ಬಂತು. ಭಾವ ಟೇಬಲ್ ಫ್ಯಾನನ್ನು ಡಿಸ್ಕಿನ ಕಡೆ ತಿರುಗಿಸಿ ಕೂತರು. ಅಕ್ಕನಿಗೆ ಕೂರಲಾಗಲಿಲ್ಲ, ಕಾಫಿ ಲೋಟ ತೊಳೆಯುತ್ತೇನೆಂದು ಒಳಗೆ ಹೋದಳು.

ಹದಿನೈದನೆಯ ನಿಮಿಷಕ್ಕೆ ಟಕ್ ಅಂದಿತು. ಸ್ಟುಡಿಯೋದವನು ಕುರ್ಚಿಯಿಂದ ಎದ್ದೇಬಿಟ್ಟ. ಆದರೆ ಡಿಸ್ಕು ನಿಲ್ಲಲಿಲ್ಲ, ಏದುಸಿರು ಬಿಡುತ್ತಾ ಕೊನೆ ಮುಟ್ಟಿತು.

"ಬಂತು ಭಾವ! ಪೂರ್ತಿ ಬಂತು!"

ತೆರೆಯುತ್ತದೋ ಇಲ್ಲವೋ ನೋಡಲು ಅವನು ನಡುವೆ ಎಲ್ಲೋ ಒತ್ತಿದ. ಸ್ಪೀಕರಿನಿಂದ ಭಾವನ ಗಡಸು ದನಿ ಕೋಣೆ ತುಂಬಿತು: "ಏ ಇವಳೇ, ಎಲ್ಲಿದೀಯ? ನನ್ನ ಕನ್ನಡಕ ಎಲ್ಲಿಟ್ಟೆ?"

"ಬಂದೇ ರೀ!" ಎಂದು ಅಕ್ಕ ಒದ್ದೆ ಕೈಯಲ್ಲೇ ಓಡಿಬಂದಳು. ಬಂದವಳು ನೇರ ಕಂಪ್ಯೂಟರಿನ ಮುಂದೆ ನಿಂತಳು. ಮುಖ ಅರಳಿತ್ತು. ಬೆರಳ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಅವಳ ಬೆನ್ನ ಹಿಂದೆ ಭಾವ ಬಳಪ ಹಿಡಿದು ಏನೋ ಬರೆಯತೊಡಗಿದ್ದರು. ಒಂದು ಗಳಿಗೆ ಅವಳನ್ನು ನೋಡಿದರು. ಆಮೇಲೆ ಸ್ಲೇಟನ್ನು ಮಡಿಲಲ್ಲಿ ಬೋರಲು ಹಾಕಿಕೊಂಡರು.