ಹೂ ಕಟ್ಟುವ ಕೈ

ಸ್ವೆಟರು ಪುಟ್ಟಯ್ಯನ ಹುಬ್ಬಿನವರೆಗೆ ಇಳಿದು ಅಲ್ಲೇ ನಿಂತಿತು.

ಸಿದ್ದಾಜಮ್ಮ ಮೆಲ್ಲಗೆ ಎಳೆದಳು. ಬರಲಿಲ್ಲ. ಇನ್ನೊಮ್ಮೆ ಎಳೆದಾಗ ಉಣ್ಣೆಯೊಳಗಿಂದ ಅಳು ಕೇಳಿತು. ಮಗಳು ಚನ್ನಾಜಮ್ಮ ಓಡಿ ಬಂದು ಮಗುವಿನ ತಲೆ ಬಿಡಿಸಿದಳು. ಎರಡು ವರ್ಷದ ಪುಟ್ಟಯ್ಯ ಕೆಂಪಾದ ಕಿವಿಗಳನ್ನು ಹಿಡಿದುಕೊಂಡು ಅಜ್ಜಿಯನ್ನು ಹಗೆಯವಳಂತೆ ನೋಡಿದ.

"ಅವರಪ್ಪಂದೇ ತಲೆ ಕನವ್ವ," ಎಂದಳು ಚನ್ನಾಜಮ್ಮ. "ಮದ್ವೇಲಿ ನಿನ್ನಳಿಯಂಗೆ ಒಂದು ಪೇಟ ಸಾಲ್ದೆ ಇನ್ನೊಂದು ಸೇರ್ಸಿ ಸುತ್ತಿದ್ರಲ್ಲ!"

ಸಿದ್ದಾಜಮ್ಮನಿಗೆ ನಗು ಬರಲಿಲ್ಲ. ಅಳಿಯ ಮಾದಯ್ಯ ಹೆಂಡತಿ, ಮಗುವನ್ನು ಕರೆದೊಯ್ಯಲು ಊಟಿಯಾಚೆಯ ಸೋಲೂರಿನಿಂದ ಗಾಡಿ ಹೂಡಿದ್ದಾಗಿತ್ತು. ಮಧ್ಯಾಹ್ನಕ್ಕೆ ಬಂದುಬಿಡುತ್ತಾನೆ. ಸೋಲೂರಿನಲ್ಲಿ ಅವನದು ಆಲೂಗಡ್ಡೆಯ ಬೇಸಾಯ. ಮಾಗಿಯಲ್ಲಿ ಅಲ್ಲಿ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಹಿಮ ಬೀಳುತ್ತದೆ. ಕಳೆದ ಮಾಗಿಯಲ್ಲಿ ಕೂಸಿನ ಎದೆ ಗೊರಗೊರ ಎಂದದ್ದು ಬೇಸಗೆ ಬರುವವರೆಗೂ ನಿಲ್ಲಲಿಲ್ಲ. ಈ ಸಲ ಮಗುವನ್ನು ಬೆಚ್ಚಗೆ ಮಾಡದೆ ಕಳಿಸುವುದಿಲ್ಲ ಎಂದು ಅವಳು ಊಟಿಯ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಊಟಿಗೆ ರೈಲು ಬಂದ ಮೇಲೆ ಪೇಟೆಯಲ್ಲಿ ಬಣ್ಣದ ಉಣ್ಣೆ ಸಿಗತೊಡಗಿತ್ತು. ಹೆಣಿಗೆ ಕಲಿಸಿದ್ದು ಮಿಷನ್ ಶಾಲೆಯ ಟೀಚರಮ್ಮ. ಅದೂ ಕಾಲುಚೀಲ ಮಾತ್ರ. ಕಾಲುಚೀಲ ನಾಲ್ಕು ಕಡ್ಡಿಗಳ ಮೇಲೆ ಸುತ್ತುತ್ತಾ ಬೆಳೆಯುತ್ತದೆ. ಸಿದ್ದಾಜಮ್ಮ ಸ್ವೆಟರನ್ನೂ ಹಾಗೇ ಸುತ್ತಿದಳು, ಹರಿದ ಕೊಡೆಯಿಂದ ಕಿತ್ತ ಕಡ್ಡಿಗಳಲ್ಲಿ. ಬಿಳಿಯ ಮೇಲೆ ಕೆಂಪು ಹೂವು. ನೋಡಿ ಹೆಣೆಯಲು ಪುಸ್ತಕವಿರಲಿಲ್ಲ. ಬಾಗಿಲ ಮುಂದೆ ತಾನೇ ಇಟ್ಟ ರಂಗೋಲಿಯ ಚುಕ್ಕಿಗಳಿದ್ದವು. ಚುಕ್ಕಿಗೊಂದು ಕುಣಿಕೆ ಎಂದು ಎಣಿಸಿಕೊಂಡಳು. ಹೂವುಗಳು ಬಾಗಿಲಿನಲ್ಲಿ ಅರಳಿದಂತೆಯೇ ಉಣ್ಣೆಯಲ್ಲೂ ಅರಳಿದವು.

ಈಗ ಅವಳು ಸ್ವೆಟರನ್ನು ಒಳಮಗ್ಗುಲಿಗೆ ತಿರುಗಿಸಿದಳು. ಅಲ್ಲಿ ಕೆಂಪು ನೂಲು ಹೂವಿನಿಂದ ಹೂವಿಗೆ ಹಾದು ಹೋಗುತ್ತಿತ್ತು. ಬೆರಳಿನಿಂದ ಮೀಟಿ ನೋಡಿದಳು. ತಂತಿಯ ಹಾಗೆ ಬಿಗಿ. ಬಿಳಿ ಹಿಗ್ಗಲು ಸಿದ್ಧವಿತ್ತು, ಕೆಂಪು ಬಿಡುತ್ತಿರಲಿಲ್ಲ.

ಏಕೆಂದು ತಿಳಿಯಲು ಹೊತ್ತು ಹಿಡಿಯಲಿಲ್ಲ. ಹುಡುಗಿಯಾಗಿದ್ದಾಗಿನಿಂದ ದಿನ ಬಿಡದೆ ದೇವರಿಗೆ ಹೂ ಕಟ್ಟಿದ ಕೈ ಅದು. ಹೂವಿಟ್ಟು, ನೂಲು ಸುತ್ತಿ, ಗಂಟಿಗೊಮ್ಮೆ ಎಳೆಯಬೇಕು. ಎಳೆಯದಿದ್ದರೆ ಹೂವು ಉದುರುತ್ತದೆ. ಉಣ್ಣೆಯ ಹೂವು ಉದುರುವುದಿಲ್ಲವೆಂದು ಕೈಗೆ ಯಾರು ಹೇಳಬೇಕು? ಅದು ಪ್ರತಿ ಹೂವಿಗೂ ಒಮ್ಮೆ ಎಳೆದಿತ್ತು.

"ಏನ ಅಕ್ಕಾ, ಕೂಸು ಬೀದಿಗೆಲ್ಲ ಕೇಳುವಂಗೆ ಅಳುತ್ತದೆ?" ಎನ್ನುತ್ತಾ ಎಮ್ಮೆಹಾಲಿನ ಚೆಂಬು ಹಿಡಿದು ಚಿನ್ನಮ್ಮಾಳ್ ಒಳಗೆ ಬಂದಳು. ಕೆತ್ತಿ ಹಳ್ಳಿಯ ಕಡೆಯವಳು, ಬೆಟ್ಟದ ಬಡಗರ ಪೈಕಿ, ಮನೆಗೆ ಹಾಲು ಹಾಕುವ ವಾಡಿಕೆಯವಳು. ಸ್ವೆಟರನ್ನು ತೆಗೆದುಕೊಂಡು ತನ್ನ ಮೊಣಕಾಲಿಗೆ ತೊಡಿಸಲು ನೋಡಿದಳು. "ನನ್ನ ಮೊಣಕಾಲಿಗೂ ಆಗುವದಿಲ್ಲವೇ! ಬಿಚ್ಚಿ ಮತ್ತೆ ಹೆಣೆ."

"ಬಿಚ್ಚಿ ಹೆಣೆಯೋ ಹೊತ್ಗೆ ಮಾಗಿ ಮುಗ್ದಿರ್ತದೆ."

"ಎತ್ತಿಡವ್ವ," ಎಂದಳು ಚನ್ನಾಜಮ್ಮ. "ಮುಂದೆ ಇನ್ನೊಂದು ಹುಟ್ತದಲ್ಲ, ಅದ್ಕೆ ಆಗ್ತದೆ."

"ಹುಟ್ಟೋದು ಹುಟ್ಲಿ. ಕತ್ತರಿ ತತ್ತಾ."

ಮಗಳು ಕದಲಲಿಲ್ಲ. "ಕತ್ತರಿ ಹಾಕುದ್ರೆ ಎಲ್ಲಾ ಬಿಚ್ಕೊಂಡು ಹೋಯ್ತದೆ ಕನವ್ವ. ಇಲಿ ಕಡ್ದ ಕಾಲುಚೀಲ ಏನಾಯ್ತು, ಮರ್ತ್ಯಾ?"

"ಇಲಿ ಮೊದ್ಲು ಕಟ್ಟಿ ಆಮ್ಯಾಕೆ ಕಡೀಲಿಲ್ಲ," ಎಂದಳು ಸಿದ್ದಾಜಮ್ಮ.

ಬೆಳಕಿಗೆಂದು ಹೊಸಲಿನ ಬಳಿ ಕೂತಳು. ದಪ್ಪ ಸೂಜಿಗೆ ಕೆಂಪು ಉಣ್ಣೆ ಪೋಣಿಸಿ, ಎದೆಯ ನಡುವೆ ಕುತ್ತಿಗೆಯಿಂದ ಕೆಳಗಿನವರೆಗೆ ಹೆಣಿಗೆಯ ಕುಣಿಕೆಗಳನ್ನು ಎರಡೆರಡಾಗಿ ಸೇರಿಸಿ ಕಟ್ಟುತ್ತಾ ಇಳಿದಳು. ಸುತ್ತು, ಗಂಟು, ಎಳೆತ. ಬೆರಳಗಲ ಬಿಟ್ಟು ಅದರ ಪಕ್ಕದಲ್ಲೇ ಇನ್ನೊಂದು ಸಾಲು. ಕೈಗೆ ಇದು ಗೊತ್ತಿದ್ದ ಕೆಲಸ. ಎಷ್ಟು ಬೇಕೋ ಅಷ್ಟು ಬಿಗಿಯಲಿ ಎಂದು ಅದನ್ನು ಅದರ ಪಾಡಿಗೆ ಬಿಟ್ಟಳು.

ಆಮೇಲೆ ಎರಡು ಸಾಲುಗಳ ನಡುವೆ ಕತ್ತರಿ ಇಟ್ಟಳು. ಚನ್ನಾಜಮ್ಮ ಮುಖ ತಿರುಗಿಸಿದಳು. ಚಿನ್ನಮ್ಮಾಳ್ ಮಾತ್ರ ಚೆಂಬು ಕೆಳಗಿಟ್ಟು ಬಗ್ಗಿ ನೋಡಿದಳು.

ಕತ್ತರಿ ಕರಕರ ಎಂದು ಇಳಿಯಿತು. ನಡುವಿನ ದೊಡ್ಡ ಹೂವು ಎರಡು ಹೋಳಾಯಿತು. ನೂಲಿನ ತುದಿಗಳು ಗಂಟಿನ ಸಾಲಿನವರೆಗೆ ಕೆದರಿಕೊಂಡು ಅಲ್ಲೇ ನಿಂತವು. ಸಿದ್ದಾಜಮ್ಮ ಅಂಚು ಹಿಡಿದು ಜಗ್ಗಿದಳು. ಇನ್ನೂ ಜೋರಾಗಿ ಜಗ್ಗಿದಳು. ಒಂದು ಎಳೆಯೂ ಬಿಚ್ಚಲಿಲ್ಲ.

"ನಿಂತ್ಕತ್ತು ಕನ!" ಎಂದು ಚನ್ನಾಜಮ್ಮ ಕೂಗಿದಳು.

ಗಾಡಿಯ ಗಂಟೆ ಬೀದಿಯ ತುದಿಯಲ್ಲಿ ಕೇಳಿದಾಗ ಕೆದರಿದ ಅಂಚನ್ನು ಒಳಗೆ ಮಡಿಚಿ ಹೊಲಿದಾಗಿತ್ತು. ಕಟ್ಟಲು ಉಣ್ಣೆಯನ್ನೇ ಜಡೆ ಹೆಣೆದು ತುದಿಗೆ ಕುಚ್ಚು ಬಿಟ್ಟಿದ್ದಳು. ತಲೆಯ ಹತ್ತಿರ ಬಾರದ ಸ್ವೆಟರಿನ ಮೇಲೆ ಪುಟ್ಟಯ್ಯನಿಗೆ ಹಗೆ ಉಳಿಯಲಿಲ್ಲ. ಒಂದು ತೋಳು ಹಾಕಿಸಿಕೊಂಡು, ಇನ್ನೊಂದನ್ನು ತಾನೇ ಚಾಚಿದ.

ಮಾದಯ್ಯ ತಲೆಬಾಗಿಲಿನಲ್ಲಿ ಬಗ್ಗಿ ಒಳಗೆ ಬಂದ. ಮಗನನ್ನು ಎತ್ತಿಕೊಂಡು ಎದೆ ನೋಡಿದ. ಎಳೆದು ಕಟ್ಟಿದರೂ ಹೂವಿನ ಹೋಳುಗಳ ನಡುವೆ ಒಂದಿಷ್ಟು ಅಂಗಿ ಕಾಣುತ್ತಿತ್ತು.

"ಅತ್ತೆ, ಈ ಹೂವು ವಸಿ ಬಾಯಿ ಬುಟ್ಟದಲ್ಲ?"

"ಅರಳುತ್ತದೆ, ಅಪ್ಪಾ," ಎಂದಳು ಚಿನ್ನಮ್ಮಾಳ್. "ಹೂವು ಅರಳುವದಿಲ್ಲವೇ?"

"ನಂಗೂ ಇಂತದ್ದೊಂದು ಹಾಕ್ಕೊಡಿ, ಅತ್ತೆ."

"ಆ ತಲೆಗೆ ಮೊದ್ಲೇ ಕತ್ತರಿಸ್ಕೊಂಡು ಹೆಣೀಬೇಕು," ಎಂದು ಸಿದ್ದಾಜಮ್ಮ ಅಂದಾಗ ಎಲ್ಲರಿಗಿಂತ ಹೆಚ್ಚು ನಕ್ಕವನು ಅವನೇ.

ಉಂಡು ಹೊರಟರು. ಗಾಡಿಯ ಹಿಂದುಗಡೆ ಚನ್ನಾಜಮ್ಮನ ತೊಡೆಯ ಮೇಲೆ ಪುಟ್ಟಯ್ಯ ಕುಚ್ಚನ್ನು ಚೀಪುತ್ತಾ ಕೂತಿದ್ದ. ತಿರುವಿನವರೆಗೂ ಬಿಳಿ, ಕೆಂಪು ಕಂಡಿತು.

ಸಿದ್ದಾಜಮ್ಮ ಒಳಗೆ ಬಂದು ಸಂಜೆಯ ಪೂಜೆಗೆ ಸೇವಂತಿಗೆಯ ಬುಟ್ಟಿ ಹತ್ತಿರ ಎಳೆದುಕೊಂಡಳು. ಎರಡು ಹೂವಿಟ್ಟು, ನೂಲು ಸುತ್ತಿ, ಎಂದಿನಂತೆ ಒಮ್ಮೆ ಎಳೆದಳು.